ಬಲ, ಎಡ, ತಿರುಗು, ನಗು

ಕಂಬಳಿ ಹಿಂಡುವಾಗ ಕೊನೆಗೆ ಬರುವ ನೀರು ಸುಳ್ಳು ಹೇಳುವುದಿಲ್ಲ. ಮೊದಲು ಬರುವುದು ಯಾರು ತುಳಿದರೂ ನೊರೆಯೇ. ಆದರೆ ಇಬ್ಬರು ಎರಡು ತುದಿ ಹಿಡಿದು, ಹಲ್ಲು ಕಚ್ಚಿ ತಿರುಚಿದಾಗ ನಡುವಿನ ಮಡಿಕೆಯಿಂದ ಒಂದು ಬೊಗಸೆ ನೀರು ಇಳಿಯುತ್ತದಲ್ಲ, ತುಳಿದವಳ ಕಾಲು ಎಲ್ಲಿಗೆ ಹೋಗಿತ್ತು, ಎಲ್ಲಿಗೆ ಹೋಗಿರಲಿಲ್ಲ ಎಂಬುದನ್ನು ಅದು ಹೇಳಿಬಿಡುತ್ತದೆ. ಈ ತೊಳೆಯುವ ಅಂಗಡಿಯಲ್ಲಿ ನಾನು ಹಿಂಡುವವಳು, ಬುಗುರಿ ತುಳಿಯುವವಳು. ಅವಳು ತುಳಿದ ಕಂಬಳಿಯ ಕೊನೆಯ ನೀರನ್ನು ಗಾಜಿನ ಲೋಟಕ್ಕೆ ಹಿಡಿದರೆ ಆಚೆ ಬದಿಯ ಬೆರಳು ಕಾಣುತ್ತಿತ್ತು.

ಬುಗುರಿ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ನಿಜವಾದ ಹೆಸರು ಹಿಡಿದು ಕರೆದರೆ ಅವಳೇ ಪಕ್ಕದವರ ಮುಖ ನೋಡುತ್ತಾಳೆ.

ಉಣ್ಣೆಯ ಕಂಬಳಿಯನ್ನು ಮಷೀನಿಗೆ ಹಾಕುವಂತಿಲ್ಲ, ಗಂಟುಗಟ್ಟಿ ಹಲಗೆಯಾಗುತ್ತದೆ. ಸಿಮೆಂಟಿನ ತೊಟ್ಟಿಯಲ್ಲಿ ಸಾಬೂನಿನ ನೀರಿಗೆ ಹಾಕಿ ಕಾಲಿನಿಂದಲೇ ತುಳಿಯಬೇಕು. ನೀರು ತೂಬಿನ ಕಡೆ ಹರಿದುಹೋಗಲೆಂದು ತೊಟ್ಟಿಯ ನೆಲವನ್ನು ಓರೆಯಾಗಿ ಕಟ್ಟಿದ್ದಾರೆ. ಹೊಸಬರು ಇಳಿದರೆ ಜಾರಿ ಬೀಳುವುದು ಖಂಡಿತ. ಬೀಳದಿದ್ದವರು ಗೋಡೆ ಹಿಡಿದುಕೊಂಡು, ನಿಂತಲ್ಲೇ ಎಡ ಬಲ ಎಂದು ಮೆಟ್ಟಿ ಕೆಲಸ ಮುಗಿಸುತ್ತಾರೆ. ಹಾಗೆ ಮೆಟ್ಟಿದರೆ ಕಾಲ ಕೆಳಗಿನದು ಮಾತ್ರ ಶುಚಿಯಾಗುತ್ತದೆ. ಮಣ್ಣು ಮೂಲೆಗೆ ಓಡಿ ಮಡಿಕೆಯಲ್ಲಿ ಅಡಗಿ ಕೂರುತ್ತದೆ.

ಬುಗುರಿ ಗೋಡೆ ಮುಟ್ಟಿದವಳಲ್ಲ. ಹಿತ್ತಲಿನ ನೀರಿನ ಪಂಪು ಶುರುವಾಗಿ ಧಡಕ್ ಧಡಕ್ ಎಂದರೆ ಸಾಕು, ಬಟ್ಟೆಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿಕೊಂಡು ತೊಟ್ಟಿಗೆ ಇಳಿದು ಕುಣಿಯುತ್ತಿದ್ದಳು. ನೋಡಲು ಚೆಂದವಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಒದ್ದೆ ಕೋಳಿ ರೆಕ್ಕೆ ಒದರಿದ ಹಾಗೆ ಮೊಣಕೈ ಬಡಿಯುತ್ತಿದ್ದಳು. ಬಾಯಿ ತೆರೆದೇ ಇರುತ್ತಿತ್ತು, ನಾಲಗೆ ಒಂದು ಪಕ್ಕಕ್ಕೆ ಹೊರಗೆ. ಒಂದು ಕಾಲು ಒಂದು ಊರಿಗೆ ಹೊರಟರೆ ಇನ್ನೊಂದು ಕಾಲು ಇನ್ನೊಂದು ಊರಿಗೆ. ಆದರೆ ಆ ಕಾಲುಗಳಿಗೆ ಏನೋ ತಿಳಿದಿತ್ತು. ಮಡಿಕೆಯೊಳಗೆ ಮರಳು ಕಂಡರೆ ಹಿಮ್ಮಡಿ ಅಲ್ಲಿಗೇ ಹೋಗಿ ತಿರುಚುತ್ತಿತ್ತು. ಮೂಲೆಯಲ್ಲಿ ಕೊಳೆಯಿದ್ದರೆ ಹೆಬ್ಬೆರಳು ಅದನ್ನು ಎಳೆದು ತರುತ್ತಿತ್ತು. ಅವಳನ್ನು ಕೇಳಿದರೆ, "ನನಗೇನು ಗೊತ್ತೇ? ಅವು ಹೋದ ಕಡೆ ನಾನೂ ಹೋಗ್ತೀನಿ" ಅನ್ನುತ್ತಿದ್ದಳು.

ಒಮ್ಮೆ ಯಜಮಾನರು ಬಾಗಿಲಲ್ಲಿ ನಿಂತು, "ಏನಮ್ಮಾ, ದೆವ್ವ ಹಿಡಿದಿದೆಯಾ?" ಎಂದು ಕೇಳಿದರು.

"ಹಿಡಿದಿದ್ರೆ ಅದಕ್ಕೂ ಸಂಬಳ ಕೊಡಿ ಯಜಮಾನ್ರೇ. ಇಬ್ಬರು ತುಳೀತಾ ಇದ್ದೀವಿ."

ಅವರು ನಗುತ್ತಾ ಹೋದರು. ಹೋಗುವಾಗ ಅವರ ಭುಜವೂ ಪಂಪಿನ ಸದ್ದಿಗೆ ಸ್ವಲ್ಪ ಕುಣಿಯುತ್ತಿತ್ತು. ಅವಳನ್ನು ನೋಡಿದ ಯಾರಿಗೇ ಆಗಲಿ, ಚಪ್ಪಲಿ ಬಿಟ್ಟು ತೊಟ್ಟಿಗೆ ಇಳಿಯೋಣ ಅನ್ನಿಸದೆ ಇರುತ್ತಿರಲಿಲ್ಲ.

ನಿಜವಾಗಿ ಇಳಿದವಳು ಒಬ್ಬಳೇ, ಪುಟ್ಟಿ. ಬುಗುರಿಯ ತಂಗಿಯ ಮಗಳು. ತಂಗಿ ಮತ್ತು ಅವಳ ಗಂಡ ಇಬ್ಬರೂ ಆಫೀಸಿನವರು, ಸಂಜೆಯವರೆಗೆ ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಬುಗುರಿಗೆ ಗಂಡ ಇಲ್ಲವಾಗಿ ಎಷ್ಟೋ ಕಾಲವಾಗಿತ್ತು, ಮಕ್ಕಳಂತೂ ಇರಲೇ ಇಲ್ಲ. ಹಾಗಾಗಿ ಶಾಲೆ ಬಿಟ್ಟೊಡನೆ ಪುಟ್ಟಿ ನೇರ ಅಂಗಡಿಗೆ ಬರುತ್ತಿದ್ದಳು. ಚೀಲ ಒಂದು ಕಡೆ, ಬೂಟು ಒಂದು ಕಡೆ ಎಸೆದು, "ದೊಡ್ಡಮ್ಮಾ, ಬಂದೆ!" ಎಂದು ತೊಟ್ಟಿಗೆ ಹಾರುತ್ತಿದ್ದಳು. ಇಬ್ಬರೂ ಕೈ ಹಿಡಿದು ಗಿರಗಿರನೆ ತಿರುಗಿ, ಬಿದ್ದು, ಮೂಗಿನ ತುಂಬ ನೊರೆ ತುಂಬಿಕೊಂಡು ಎದ್ದು, ಮತ್ತೆ ತಿರುಗುತ್ತಿದ್ದರು.

ಆ ದಿನಗಳಲ್ಲೇ ಬುಗುರಿ ಹೇಳಿಟ್ಟ ಮಾತು. "ನೋಡ್ತಾ ಇರು, ನಿನ್ನ ಮದುವೇಲಿ ನಾನು ಕುಣಿಯೋ ಕುಣಿತಕ್ಕೆ ನೆಲ ಬಿರುಕು ಬಿಡಬೇಕು."

"ಬಿಡಲಿ ದೊಡ್ಡಮ್ಮಾ! ನಾನೂ ಕುಣೀತೀನಿ."

"ಮದುವೆ ಹುಡುಗಿ ಕುಣಿಯೋ ಹಾಗಿಲ್ವಂತೆ."

"ಹಾಗಾದ್ರೆ ನನಗೆ ಮದುವೇನೇ ಬೇಡ."

ಬುಗುರಿ ಬದುಕಿನಲ್ಲಿ ಹೆಚ್ಚೇನೂ ಬೇಡಿದವಳಲ್ಲ. ಇದೊಂದು ಆಸೆಯನ್ನು ಮಾತ್ರ ಗಂಟಿನಲ್ಲಿ ಕಟ್ಟಿಟ್ಟುಕೊಂಡಿದ್ದಳು. ಮೊಣಕಾಲು ನೋಯುವ ದಿನ ಎಣ್ಣೆ ಉಜ್ಜಿಕೊಳ್ಳುತ್ತಾ, "ಸುಮ್ಮನಿರ್ರೋ, ಪುಟ್ಟಿ ಮದುವೆ ತನಕ ಕೈಕೊಡಬೇಡಿ" ಎಂದು ಕಾಲುಗಳನ್ನೇ ಗದರಿಸುತ್ತಿದ್ದಳು.

ಪುಟ್ಟಿ ಬೆಳೆದಳು, ಓದಿದಳು, ಒಂದು ಆಸ್ಪತ್ರೆಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದಳು. ಅಲ್ಲಿಯ ಪರಿಚಯದಿಂದಲೇ ಕನ್ನಡಕದ ಅಂಗಡಿಯವರ ಮನೆಯ ಹುಡುಗ ಗೊತ್ತಾದ. ಅನುಕೂಲಸ್ಥರು, ಮೆತ್ತಗೆ ಮಾತಾಡುವವರು. ಮಾತುಕತೆಗೆಂದು ಬೀಗರು ತಂಗಿಯ ಮನೆಗೆ ಬಂದ ದಿನ ಬುಗುರಿ ಅಡುಗೆಮನೆಯಲ್ಲಿದ್ದಳು. ಎಲ್ಲ ಒಪ್ಪಿಗೆಯಾಯಿತು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕೈಯಲ್ಲಿದ್ದ ಖಾಲಿ ತಟ್ಟೆಗಳನ್ನು ತಾಳ ಮಾಡಿಕೊಂಡು ಕುಣಿಯುತ್ತಲೇ ನಡುಮನೆಗೆ ಬಂದುಬಿಟ್ಟಳು. ಹುಡುಗನ ತಾಯಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. "ನಿಮ್ಮ ಅಕ್ಕ ತುಂಬಾ ಖುಷಿಯಾಗಿರ್ತಾರೆ ಅಲ್ವಾ?" ಅಂದರು.

ಆ ಮಾತಿನಲ್ಲಿ ಮುಳ್ಳಿತ್ತೋ ಹೂವಿತ್ತೋ ಆಗ ಯಾರಿಗೂ ಗೊತ್ತಿರಲಿಲ್ಲ. ತಂಗಿಗೆ ಮುಳ್ಳೇ ಕಂಡಿತು. ನಾಚಿಕೆಪಡುವವರಿಗೆ ಮೊದಲು ಕಾಣುವುದು ಅದೇ.

ಕೆಲವು ದಿನಗಳ ಮೇಲೆ ತಂಗಿ ಅಂಗಡಿಗೆ ಬಂದಳು. ಒದ್ದೆ ನೆಲದ ಮೇಲೆ ತುದಿಗಾಲಲ್ಲಿ ನಡೆಯುತ್ತಾ ತೊಟ್ಟಿಯ ಹತ್ತಿರ ನಿಂತಳು. ನಾನು ಅಲ್ಲೇ ಕಂಬಳಿ ಒಣಹಾಕುತ್ತಿದ್ದೆ.

"ಅಕ್ಕಾ, ಮದುವೆ ಸಂಜೆ ನಮ್ಮ ಕಡೆಯವರೆಲ್ಲ ಸೇರಿ ವೇದಿಕೆ ಮೇಲೆ ಒಂದು ಡ್ಯಾನ್ಸ್ ಮಾಡ್ತೀವಿ. ಹೆಂಗಸರು ಮಾತ್ರ. ಒಂದೇ ಬಣ್ಣದ ಬಟ್ಟೆ. ಕಲಿಸೋಕೆ ಒಬ್ಬ ಮಾಸ್ಟರನ್ನ ಗೊತ್ತು ಮಾಡಿದ್ದೀನಿ."

"ನನಗೆ ಕಲಿಸೋಕೆ ಮಾಸ್ಟರಾ!" ಬುಗುರಿ ನೊರೆಯಲ್ಲೇ ಕೂತು ನಕ್ಕಳು. "ಮೀನಿಗೆ ಈಜು ಕಲಿಸ್ತೀಯಾ?"

"ನಗಬೇಡ ಅಕ್ಕಾ. ನೀನು ಇಲ್ಲಿ ಕುಣಿದ ಹಾಗೆ ಅಲ್ಲಿ ಕುಣಿದ್ರೆ ಆಗಲ್ಲ. ಬೀಗರು ಇರ್ತಾರೆ, ವಿಡಿಯೋ ಇರುತ್ತೆ. ನಾಳೆ ಹುಡುಗಿ ಆ ಮನೇಲಿ ಬಾಳಬೇಕು."

"ನಾನು ಕುಣಿದ್ರೆ ಅವಳ ಬಾಳಿಗೇನಾಗುತ್ತೆ?"

ತಂಗಿ ಒಣಗುತ್ತಿದ್ದ ಕಂಬಳಿಗಳ ಕಡೆ ನೋಡುತ್ತಾ, "ಸಾಲಲ್ಲಿ ಎಲ್ಲರ ಹಾಗೆ ಮಾಡೋಕಾದ್ರೆ ಬಾ. ಇಲ್ಲಾಂದ್ರೆ ಮುಂದಿನ ಕುರ್ಚೀಲಿ ಕೂತ್ಕೊ. ಒಳ್ಳೆ ಜಾಗಾನೇ ಇಟ್ಟಿರ್ತೀನಿ" ಅಂದಳು.

ತಂಗಿಯನ್ನು ಕೆಟ್ಟವಳು ಅನ್ನಲಾರೆ. ಕಷ್ಟಪಟ್ಟು ಒಂದು ಮೆಟ್ಟಿಲು ಮೇಲೆ ಹತ್ತಿದವಳು. ಅಂಥವರಿಗೆ ಕೆಳಗಿನ ಮೆಟ್ಟಿಲು ಕಂಡರೆ ತಲೆ ಸುತ್ತುತ್ತದೆ.

ಕುರ್ಚಿ ಎಂಬ ಮಾತಿಗೆ ಬುಗುರಿ ಹೆದರಿಬಿಟ್ಟಳು. ತಂಗಿ ಹೋದ ಮೇಲೆ ನನ್ನ ಕೈ ಹಿಡಿದು, "ನೀನೂ ಬಾರೇ ಪ್ರಾಕ್ಟೀಸಿಗೆ. ಸುಮ್ಮನೆ ಕೂತ್ಕೊ, ಸಾಕು. ಪರಿಚಯದ ಮುಖ ಒಂದಿರಲಿ" ಅಂದಳು. ಅವಳು ಏನಕ್ಕಾದರೂ ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಪ್ರಾಕ್ಟೀಸು ಒಂದು ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ. ನುಣುಪಾದ ನೆಲ, ಒಂದು ಗೋಡೆಗೆ ಪೂರ್ತಿ ಕನ್ನಡಿ. ತಂಗಿ, ಅವಳ ಆಫೀಸಿನ ಗೆಳತಿಯರು, ಅವರ ಹೆಣ್ಣುಮಕ್ಕಳು ಎಲ್ಲ ಸಾಲಾಗಿ ನಿಂತಿದ್ದರು. ಬುಗುರಿಗೆ ಕೊನೆಯ ಜಾಗ. ಮಾಸ್ಟರು ತೆಳ್ಳಗಿನ ಯುವಕ, ಕಣ್ಣ ಕೆಳಗೆ ಕಪ್ಪು, ಮಾತು ಬಹಳ ಮರ್ಯಾದೆಯದು. ಹಾಡು ಹಾಕಿ, ಮುಂದೆ ನಿಂತು ಕೂಗಿ ಹೇಳುತ್ತಿದ್ದ: "ಬಲ, ಎಡ, ತಿರುಗು, ನಗು! ಬಲ, ಎಡ, ತಿರುಗು, ನಗು!" ನಗು ಅಂದಾಗ ಎಲ್ಲರೂ ಕನ್ನಡಿಯ ಕಡೆ ಹಲ್ಲು ತೋರಿಸಬೇಕು.

ಹಾಡು ಶುರುವಾದದ್ದೇ ಬುಗುರಿಯ ಕಾಲುಗಳು ತಮ್ಮ ಊರಿಗೆ ಹೊರಟವು. ಮೊಣಕೈ ಪಕ್ಕದವಳ ಪಕ್ಕೆಗೆ ಬಡಿಯಿತು. ನುಣುಪು ನೆಲದಲ್ಲಿ ಹಿಮ್ಮಡಿ ಜಾರಿ ಗೋಡೆ ಹಿಡಿಯಬೇಕಾಯಿತು. ಹಾಡು ನಿಂತಿತು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಸಾಲಿನಲ್ಲಿದ್ದ ಒಬ್ಬಳು ಕಿಸಕ್ಕನೆ ನಕ್ಕಳು.

ಬುಗುರಿ ತಿರುಗಿ, "ಡೊಂಕು ನೆಲದಲ್ಲೇ ಕುಣಿದು ಬಂದವಳು ನಾನು ತಾಯೀ. ನಿಮ್ಮ ನೆಲ ನೆಟ್ಟಗಿದೆ ನೋಡು, ಅದೇ ಕಷ್ಟ" ಅಂದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗುತ್ತಾ ಎದುರಿಗೆ ನೋಡಿದಳು.

ಕನ್ನಡಿಯಲ್ಲಿ ನೊರೆಯಿಲ್ಲ, ಕಂಬಳಿಯಿಲ್ಲ. ನರೆತ ಕೂದಲಿನ ಹೆಂಗಸೊಬ್ಬಳು ಬಾಯಿ ತೆರೆದು, ಕೈ ಎರಡೂ ರೆಕ್ಕೆಯ ಹಾಗೆ ಎತ್ತಿ ನಿಂತಿದ್ದಳು. ಬುಗುರಿ ಆ ಹೆಂಗಸನ್ನೇ ನೋಡಿದಳು. ಮೊದಲು ಬಾಯಿ ಮುಚ್ಚಿದಳು. ಆಮೇಲೆ ಒಂದು ಕೈ ಇಳಿಸಿದಳು. ಆಮೇಲೆ ಇನ್ನೊಂದು. ಅದನ್ನು ಕಂಡ ನಾನು ಎದ್ದು ಅವಳನ್ನು ಕರೆದುಕೊಂಡು ಹೊರಡಬೇಕೆಂದುಕೊಂಡೆ. ಅಷ್ಟರಲ್ಲಿ ಪುಟ್ಟಿ ಬಂದಳು. ಆಸ್ಪತ್ರೆಯಿಂದ ನೇರ ಬಂದಿದ್ದಳು, ದಣಿದಿದ್ದಳು.

"ಹೇಗೆ ನಡೀತಿದೆ ದೊಡ್ಡಮ್ಮಾ?"

"ನಾನು ಹೀಗಾ ಕಾಣ್ತೀನಿ ಕುಣಿಯೋವಾಗ?" ಬುಗುರಿ ಮೆಲ್ಲಗೆ ಕೇಳಿದಳು. "ನೀನು ಹೇಳ್ಲೇ ಇಲ್ವಲ್ಲೇ."

ಪುಟ್ಟಿ ಅಮ್ಮನ ಮುಖ ನೋಡಿದಳು. ಅವಳು ಬೇರೆ ಏನಾದರೂ ಹೇಳಬಹುದಿತ್ತು. "ಸ್ವಲ್ಪ ಕಲಿತ್ಕೊ ದೊಡ್ಡಮ್ಮಾ. ನನಗೋಸ್ಕರ" ಅಂದಳು.

ಮುಗಿಯಿತು. ನನಗೋಸ್ಕರ ಅಂದರೆ ಬುಗುರಿ ಬೆಂಕಿಯನ್ನೂ ತುಳಿಯುವವಳು.

ಮಾಸ್ಟರು ಹತ್ತಿರ ಬಂದು, "ಅಮ್ಮಾ, ನೀವು ಖುಷಿಯಿಂದ ಕುಣೀತೀರಿ, ಅದು ದೊಡ್ಡದು. ಆದ್ರೆ ಖುಷಿ ಸಾಲಲ್ಲಿರಬೇಕು. ಕಾಲು ಹೇಳಿದ್ದು ಕೇಳಬೇಡಿ, ನಾನು ಹೇಳಿದ್ದು ಕೇಳಿ" ಅಂದ. ಅವನು ತನ್ನ ಕೆಲಸ ಮಾಡಿದ. ಅಲ್ಲಿಂದಾಚೆಗೆ ಅವಳು ಕನ್ನಡಿಯಿಂದ ಕಣ್ಣು ಕೀಳಲೇ ಇಲ್ಲ.

ಕಲಿಯುವ ಹಟಕ್ಕೆ ಬಿದ್ದರೆ ಬುಗುರಿಯನ್ನು ಹಿಡಿಯುವವರಿಲ್ಲ. ಬೇರೆಯವರು ಪ್ರಾಕ್ಟೀಸಿಗೆ ಚಕ್ಕರ್ ಹೊಡೆದರು, ಅವಳು ಒಂದು ದಿನವೂ ತಪ್ಪಿಸಲಿಲ್ಲ. ಅಂಗಡಿಗೆ ಬಂದು ತೊಟ್ಟಿಯಲ್ಲೂ ಅದನ್ನೇ ಶುರುಮಾಡಿದಳು. ಪಂಪು ಧಡಕ್ ಅನ್ನುತ್ತಿದ್ದರೆ ಅವಳು ಬಾಯಲ್ಲಿ ಗುನುಗುತ್ತಿದ್ದಳು: "ಬಲ, ಎಡ, ತಿರುಗು, ನಗು." ಮೊಣಕೈ ಮೈಗೆ ಅಂಟಿಕೊಂಡಿತು. ನಾಲಗೆ ಒಳಗೆ ಸೇರಿತು. ಓರೆ ನೆಲದಲ್ಲಿ ನೆಟ್ಟಗೆ ತಿರುಗಲು ಹೋಗಿ ಎರಡು ಸಲ ಬಿದ್ದಳು. ಮೊದಲೂ ಬೀಳುತ್ತಿದ್ದಳು, ಆದರೆ ಈಗ ಎದ್ದ ಕೂಡಲೇ ಯಾರಾದರೂ ನೋಡಿದರೋ ಎಂದು ಬಾಗಿಲ ಕಡೆ ತಿರುಗುತ್ತಿದ್ದಳು.

ಒಂದು ಮಧ್ಯಾಹ್ನ ಕಂಬಳಿ ಹಿಂಡುತ್ತಿದ್ದೆವು. ಅವಳು ಒಂದು ತುದಿ, ನಾನು ಒಂದು ತುದಿ. ಕೊನೆಯ ನೀರು ಇಳಿಯಿತು, ಬೂದಿ ಬಣ್ಣದ್ದು.

"ನೋಡೇ ಇದನ್ನ" ಅಂದೆ.

ನೋಡಿದಳು. "ಮೂಲೇಲಿ ಉಳಿದಿರಬೇಕು."

"ಮೂಲೇಲಿ ಉಳಿಯೋದು ಬೇರೆಯವರು ತುಳಿದದ್ದು. ನೀನು ತುಳಿದದ್ದು ಉಳಿದಿದ್ದುಂಟಾ? ಅಲ್ಲಿ ಹೇಳಿಕೊಟ್ಟದ್ದು ಅಲ್ಲೇ ಇರಲಿ. ತೊಟ್ಟೀಲಾದ್ರೂ ನಿನ್ನ ಹಾಗೆ ಕುಣಿ ಮಾರಾಯ್ತಿ."

"ಎರಡೂ ಒಟ್ಟಿಗೆ ಬರಲ್ಲ ಕಣೆ. ಇದು ಬಂದ್ರೆ ಅದು ಮರೀತದೆ, ಅದು ಬಂದ್ರೆ ಇದು. ಮದುವೆ ಒಂದು ಮುಗೀಲಿ, ಆಮೇಲೆ ಮೊದಲಿನ ಹಾಗೇ." ಹಾಗೆ ಹೇಳಿ, ಕಂಬಳಿಯನ್ನು ಮತ್ತೆ ತೊಟ್ಟಿಗೆ ಹಾಕಿದಳು.

ಮದುವೆಯ ಸಂಜೆ ನಾನೂ ಹೋಗಿದ್ದೆ. ದೊಡ್ಡ ಸಭಾಂಗಣ, ಕಣ್ಣು ಕುಕ್ಕುವ ದೀಪ. ವೇದಿಕೆಯ ಮೇಲೆ ಒಂದೇ ಬಣ್ಣದ ಬಟ್ಟೆಯ ಹೆಂಗಸರ ಸಾಲು ಬಂತು. ಬುಗುರಿಯ ಕೂದಲಿಗೆ ಬಣ್ಣ ಹಚ್ಚಿಸಿದ್ದರು, ಮುಖಕ್ಕೆ ಪೌಡರು. ಹಾಡು ಶುರುವಾಯಿತು. ಬಲ, ಎಡ, ತಿರುಗು, ನಗು. ಒಂದು ಹೆಜ್ಜೆ ತಪ್ಪಲಿಲ್ಲ. ತಂಗಿಯೇ ಒಂದು ಕಡೆ ತಡವರಿಸಿದಳು, ಬುಗುರಿ ತಪ್ಪಲಿಲ್ಲ. ಎಲ್ಲರ ಕೈ ಮೇಲೆ ಹೋದಾಗ ಅವಳದೂ ಹೋಯಿತು, ಎಲ್ಲರ ಹಲ್ಲು ಕಂಡಾಗ ಅವಳದೂ ಕಂಡಿತು. ಆಸೆಪಟ್ಟು ಕಾದಿದ್ದ ಮದುವೆಯಲ್ಲಿ ಅವಳು ಕುಣಿದಳು. ಇಲ್ಲ ಎಂದು ಯಾರೂ ಹೇಳುವಂತಿಲ್ಲ.

ನನ್ನ ಪಕ್ಕದಲ್ಲಿ ಹುಡುಗನ ತಾಯಿ ಕೂತಿದ್ದರು. ಕತ್ತು ಉದ್ದ ಮಾಡಿ ಏನನ್ನೋ ಹುಡುಕುತ್ತಿದ್ದರು.

"ನೀವು ಹುಡುಗಿ ಕಡೆಯವರಲ್ವಾ? ಅವತ್ತು ತಟ್ಟೆ ಹಿಡ್ಕೊಂಡು ಕುಣಿದ್ರಲ್ಲ ಒಬ್ಬರು, ಅವರೆಲ್ಲಿ? ನಮ್ಮೋರಿಗೆಲ್ಲ ಹೇಳಿ ಕರ್ಕೊಂಡು ಬಂದಿದ್ದೀನಿ, ಅವರನ್ನ ನೋಡ್ಬೇಕು ಅಂತ. ಅವತ್ತು ಮನೆಗೆ ಹೋಗಿ ಬಾಗಿಲು ಹಾಕ್ಕೊಂಡು ನಾನೂ ಕುಣಿದುಬಿಟ್ಟೆ ಗೊತ್ತಾ? ನನ್ನ ಯಜಮಾನ್ರಿಗೂ ಹೇಳಿಲ್ಲ."

ನಾನು ವೇದಿಕೆಯ ಕಡೆ ಬೆರಳು ತೋರಿಸಿ, "ಅವರೇ, ಸಾಲಿನ ಕೊನೇಲಿರೋರು" ಅಂದೆ.

ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿ ನೋಡಿದರು. ಕನ್ನಡಕ ಮಾರುವವರ ಮನೆಯವರು, ಕನ್ನಡಕದಲ್ಲಿ ದೋಷವಿರಲಾರದು.

"ಇಲ್ಲಪ್ಪ. ಅವರಲ್ಲ. ಅವರು ಬೇರೆ ಯಾರೋ ಇದ್ರು" ಅಂದರು.

ಈ ಮಾತನ್ನು ನಾನು ಬುಗುರಿಗೆ ಇವತ್ತಿನವರೆಗೂ ಹೇಳಿಲ್ಲ. ಹೇಳಿ ಯಾರಿಗೆ ಏನು ಉಪಕಾರ?

ಮದುವೆ ಮುಗಿದ ಮೇಲೆ ಅವಳು ಕೆಲಸಕ್ಕೆ ಬಂದಳು. ಕೂದಲಿನ ಬಣ್ಣ ಬುಡದಲ್ಲಿ ಬಿಡತೊಡಗಿತ್ತು. ಪಂಪು ಶುರುವಾಯಿತು. "ಬಾ, ಈಗ ಮೊದಲಿನ ಹಾಗೆ" ಎಂದು ತನಗೆ ತಾನೇ ಹೇಳಿಕೊಂಡು ತೊಟ್ಟಿಗೆ ಇಳಿದಳು. ನಿಂತಳು. ನಾನು ಕೆಲಸ ನಿಲ್ಲಿಸಿ ನೋಡಿದೆ. ಅವಳ ಕಾಲುಗಳು ಯಾರಾದರೂ ಹೇಳಲಿ ಎಂದು ಕಾಯುವ ಆಳುಗಳ ಹಾಗೆ ನೊರೆಯಲ್ಲಿ ಸುಮ್ಮನೆ ನಿಂತಿದ್ದವು. ಬೇಕೆಂದೇ ಮೊಣಕೈ ಎತ್ತಿ ಬಡಿದಳು. ಅದು ಕೋಳಿಯನ್ನು ಅಣಕಿಸಿದ ಹಾಗಿತ್ತು, ಅವಳಿಗೇ ನಾಚಿಕೆಯಾಯಿತು. ಕೈ ಇಳಿಸಿದಳು.

"ನನ್ನನ್ನ ನೋಡಬೇಡ ಕಣೇ, ಆ ಕಡೆ ತಿರುಗು" ಅಂದಳು.

ನಾನು ತಿರುಗಿದೆ. ಇಷ್ಟು ವರ್ಷ ನಾನು ನೋಡುತ್ತಿದ್ದೇನೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬೆನ್ನ ಹಿಂದೆ ಸದ್ದು ಕೇಳಿತು: ಬಲ, ಎಡ, ತಿರುಗು.

ಪುಟ್ಟಿ ಬಂದದ್ದು ಅದಾದ ಮೇಲೆ ಒಂದು ಭಾನುವಾರ. ಒಳ್ಳೆಯ ಬಟ್ಟೆ, ಕಣ್ಣಿಗೆ ಹೊಸ ಕನ್ನಡಕ, ಕೈಯಲ್ಲಿ ಫೋನು. ಮದುವೆಯ ವಿಡಿಯೋ ತೋರಿಸಲು ಬಂದಿದ್ದಳು.

"ನೋಡು ದೊಡ್ಡಮ್ಮಾ, ಎಷ್ಟು ಚೆನ್ನಾಗಿ ಬಂದಿದೆ! ಅಮ್ಮ ಇಲ್ಲಿ ತಪ್ಪಿದ್ದಾಳೆ, ನೀನು ತಪ್ಪೇ ಇಲ್ಲ. ಸಾಲಲ್ಲಿ ನೀನು ಯಾರು ಅಂತಾನೇ ಗೊತ್ತಾಗಲ್ಲ!"

ಹೊಗಳಿಕೆಯ ಮಾತೇ. ಬುಗುರಿ ಫೋನನ್ನು ಹತ್ತಿರ ಹಿಡಿದು, ತನ್ನನ್ನು ಹುಡುಕಿದಳು. ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. "ಹೌದು, ಗೊತ್ತಾಗಲ್ಲ" ಅಂದಳು.

ಪುಟ್ಟಿ ಫೋನು ಒಳಗಿಟ್ಟಳು. ಗಂಡನ ಮನೆಯ ಸುದ್ದಿ ಹೇಳಿದಳು. ಎಲ್ಲರೂ ಒಳ್ಳೆಯವರು, ತೊಂದರೆಯೇನಿಲ್ಲ. ಹೇಳುತ್ತಾ ಹೇಳುತ್ತಾ ದನಿ ಸಣ್ಣದಾಯಿತು. ಪಂಪು ಧಡಕ್ ಧಡಕ್ ಅನ್ನುತ್ತಿತ್ತು. ಅವಳು ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟಳು. ಚಪ್ಪಲಿ ಬಿಟ್ಟಳು, ಒಳ್ಳೆಯ ಬಟ್ಟೆಯನ್ನು ಮೊಣಕಾಲಿಗೆ ಸಿಕ್ಕಿಸಿದಳು.

"ದೊಡ್ಡಮ್ಮಾ, ಬಂದೆ!"

ನೀರು ನನ್ನ ಮುಖಕ್ಕೂ ಹಾರಿತು. ಬುಗುರಿಯ ಎರಡೂ ಕೈ ಹಿಡಿದು ನಿಂತಳು. "ಬಾ. ಕುಣಿಯೋಣ. ಎಷ್ಟು ದಿನ ಆಯ್ತು. ಅಲ್ಲಿ ಯಾರ ಹತ್ರಾನೂ ಹೀಗೆ ಆಗಲ್ಲ ದೊಡ್ಡಮ್ಮಾ."

ಬುಗುರಿಯ ಮುಖದಲ್ಲಿ ಒಂದು ಗಳಿಗೆ ಏನೋ ಹೊತ್ತಿಕೊಂಡಿತು. ಬಲಗಾಲು ಎತ್ತಿದಳು. ಎಡಗಾಲು ಎತ್ತಿದಳು. ನೆಟ್ಟಗೆ ಒಂದು ಸುತ್ತು ತಿರುಗಿದಳು. ತಿರುಗಿ ನಿಂತು ಹಲ್ಲು ತೋರಿಸಿದಳು.

"ಅದಲ್ಲ ದೊಡ್ಡಮ್ಮಾ" ಪುಟ್ಟಿ ನಕ್ಕಳು. "ನಿಂದು. ಮೊದಲಿಂದು."

ಬುಗುರಿ ಮತ್ತೆ ಎತ್ತಿದಳು. ಬಲ, ಎಡ, ತಿರುಗು, ನಗು.

"ಅದಲ್ಲ." ಈಗ ಪುಟ್ಟಿ ನಗುತ್ತಿರಲಿಲ್ಲ. ತಾನೇ ಕೈ ರೆಕ್ಕೆ ಮಾಡಿ, ಬಾಯಿ ತೆರೆದು ತೋರಿಸಿದಳು. "ಹೀಗೆ, ಹೀಗೆ. ಮರೆತೋಯ್ತಾ?"

ಬುಗುರಿ ಅವಳನ್ನು ನೋಡಿದಳು. ಕನ್ನಡಿಯನ್ನು ನೋಡಿದ ಹಾಗೇ ನೋಡಿದಳು. ಆಮೇಲೆ ಹುಡುಗಿಯ ಎತ್ತಿದ ಕೈಗಳನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದಳು.

"ಬೇಡ ಮಗಾ. ಚೆನ್ನಾಗಿ ಕಾಣಲ್ಲ. ಬಾಗಿಲು ಬೇರೆ ತೆಗೆದಿದೆ."

ಪುಟ್ಟಿ ನೊರೆಯಲ್ಲಿ ನಿಂತೇ ಇದ್ದಳು. ಏನೋ ಹೇಳಲು ಬಾಯಿ ತೆರೆದು ಮುಚ್ಚಿದಳು. 'ನನಗೋಸ್ಕರ' ಎಂಬ ಮಾತು ಅವಳ ನಾಲಗೆಯ ತುದಿಗೆ ಬಂದಿತ್ತು ಎಂದು ನನ್ನ ಊಹೆ. ಆದರೆ ಅದನ್ನು ಅವಳು ಆಗಲೇ ಖರ್ಚು ಮಾಡಿಬಿಟ್ಟಿದ್ದಳು. ತೊಟ್ಟಿಯಿಂದ ಹೊರಗೆ ಬಂದು, ಕಾಲು ಒರೆಸಿಕೊಂಡು, ನನ್ನ ಕೈಯಿಂದ ಕನ್ನಡಕ ಇಸಿದುಕೊಂಡು ಹಾಕಿಕೊಂಡಳು. "ಬರ್ತೀನಿ ದೊಡ್ಡಮ್ಮಾ" ಅಂದಳು. ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಅವಳ ಬಟ್ಟೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು.

ನಾವು ಕಂಬಳಿ ಎತ್ತಿದೆವು. ಅವಳು ಒಂದು ತುದಿ, ನಾನು ಒಂದು ತುದಿ. ಹಲ್ಲು ಕಚ್ಚಿ ತಿರುಚಿದೆವು. ಕೊನೆಯ ನೀರು ಇಳಿಯಿತು.

ಇಬ್ಬರೂ ಅದನ್ನು ನೋಡಿದೆವು.

"ಇನ್ನೊಂದ್ಸಲ ತುಳೀಲಾ?" ಎಂದು ಕೇಳಿದಳು. ಹಿಂದೆಂದೂ ಅವಳು ನನ್ನನ್ನು ಕೇಳಿ ತುಳಿದವಳಲ್ಲ.

"ತುಳಿ" ಅಂದೆ. ಗಿರಾಕಿಯ ಕಂಬಳಿ, ಹಾಗೇ ಕೊಡುವಂತಿಲ್ಲವಲ್ಲ. ಹಾಗೆ ಅಂದು, ಅವಳು ಹೇಳುವ ಮೊದಲೇ ಆ ಕಡೆ ತಿರುಗಿಕೊಂಡೆ.